ಕೋಟೆಯ ಶಿಲ್ಪಿ ಕೊಶ್ಚುಷ್ಕೊ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಹಾನಗರವಾದ ನ್ಯೂಯಾರ್ಕಿನಿಂದ ಉತ್ತರಕ್ಕೆ ಸುಮಾರು 50 ಮೈಲಿಗಳ ದೂರದಲ್ಲಿ, ಹಡ್ಸನ್ ನದಿಯ ಪಶ್ಚಿಮ ದಂಡೆಯ ಮೇಲೆ, ವೆಸ್ಟ್ ಪಾಯಿಂಟ್ ಎಂಬ ಸೇನಾನೆಲೆಯಿದೆ. ಎತ್ತರವಾದ ಬೆಟ್ಟಗಳ ನಡುವೆ ಹರಿದುಬರುವ ನದಿಯು ಇಲ್ಲಿ ಒಮ್ಮೆಲೇ ಮೈಮುರಿದು ತಿರುಗುತ್ತದೆ. ಆ ತಿರುವಿನ ನೆತ್ತಿಯ ಮೇಲೆ 1778ರ ಜನವರಿ 27ರಂದು ಅಮೆರಿಕದ ಸೈನಿಕರು ಮೊದಲ ಬಾರಿಗೆ ಬೀಡುಬಿಟ್ಟರು. ಅಂದಿನಿಂದ ಇಂದಿನವರೆಗೆ ಆ ನೆಲೆಯು ಸೈನಿಕರಿಲ್ಲದೆ ಬರಿದಾದುದೇ ಇಲ್ಲ. ಆ ದೇಶದ ಸೇನೆಯು ನಿರಂತರವಾಗಿ ವಾಸಿಸುತ್ತ ಬಂದಿರುವ ನೆಲೆಗಳಲ್ಲಿ ಇದೇ ಅತ್ಯಂತ ಹಳೆಯದು. ಆ ದೇಶದ ಹೆಸರಾಂತ ಸೈನಿಕ ವಿದ್ಯಾಲಯವೂ ಇಲ್ಲಿಯೇ ಇದೆ.

ನದಿಯನ್ನು ನೋಡುತ್ತ ನಿಂತಿರುವ ಹಳೆಯ ಕೋಟೆಯೊಂದರ ಅಂಗಳದಲ್ಲಿ ಎತ್ತರವಾದ ಕಲ್ಲುಕಂಬವಿದೆ. ಅದರ ಮೇಲೆ ಒಬ್ಬ ಸೇನಾನಿಯ ಪ್ರತಿಮೆಯಿದೆ. ಆ ಪ್ರತಿಮೆ ಅಮೆರಿಕದ ಯಾವ ಅಧ್ಯಕ್ಷನದೂ ಅಲ್ಲ. ಆ ನೆಲದಲ್ಲಿ ಹುಟ್ಟಿದ ಯಾವ ಸೇನಾಪತಿಯದೂ ಅಲ್ಲ. ಸಾವಿರಾರು ಮೈಲಿಗಳಾಚೆಯ ಪೋಲೆಂಡ್ ದೇಶದಿಂದ ಬಂದು, ಅನ್ಯರ ಸ್ವಾತಂತ್ರ್ಯಕ್ಕಾಗಿ ತನ್ನ ವಿದ್ಯೆಯನ್ನು ಧಾರೆಯೆರೆದ ತಾದೇಯುಷ್ ಕೊಶ್ಚುಷ್ಕೊ ಎಂಬ ವೀರನ ಪ್ರತಿಮೆ ಅದು. ಅವನ ಜೀವನವನ್ನು ತಿಳಿಯದೆ ಆ ನೆಲೆಯ ಚರಿತ್ರೆಯನ್ನು ತಿಳಿಯುವುದು ಸಾಧ್ಯವಿಲ್ಲ.

ಕೊಶ್ಚುಷ್ಕೊ 1746ರ ಫೆಬ್ರವರಿ 4ರಂದು ಜನಿಸಿದನು. ಅವನು ಹುಟ್ಟಿದ ಊರು ಅಂದು ಪೋಲೆಂಡ್ ಮತ್ತು ಲಿಥುವೇನಿಯಗಳ ಸಂಯುಕ್ತ ರಾಜ್ಯಕ್ಕೆ ಸೇರಿತ್ತು. ಇಂದು ಅದು ಬೆಲಾರೂಸ್ ದೇಶದಲ್ಲಿದೆ. ಅವನ ಮನೆತನವು ಕುಲೀನವಾದುದಾದರೂ ಸಿರಿವಂತವಾದುದಲ್ಲ. ನಾಲ್ವರು ಮಕ್ಕಳಲ್ಲಿ ಅವನೇ ಕಿರಿಯವನು. ಸೇನೆಯ ಅಧಿಕಾರಿಯಾಗಿದ್ದ ತಂದೆಯು 1758ರಲ್ಲಿ ತೀರಿಕೊಂಡಾಗ ಬಾಲಕನಿಗೆ ಹನ್ನೆರಡು ವರ್ಷ. ಕ್ರೈಸ್ತ ಗುರುಗಳ ಶಾಲೆಯಲ್ಲಿ ಓದುತ್ತಿದ್ದಾಗ ಅವನು ಪ್ರಾಚೀನ ಗ್ರೀಸಿನ ವೀರರ ಚರಿತ್ರೆಗಳನ್ನು ಆಸಕ್ತಿಯಿಂದ ಓದಿದನು. ಅವರಲ್ಲಿ ಅವನ ಮನಸ್ಸನ್ನು ಸೆರೆಹಿಡಿದವನು ತಿಮೋಲಿಯನ್. ನಿರಂಕುಶ ಪ್ರಭುಗಳಿಂದ ಜನರನ್ನು ಬಿಡುಗಡೆಮಾಡಿ, ಪ್ರತಿಫಲವಾಗಿ ಅಧಿಕಾರವನ್ನು ಬಯಸದೆ ಸಾಮಾನ್ಯ ಪ್ರಜೆಯಂತೆ ಬಾಳಿದವನು ಆತ. ಬಾಲ್ಯದಲ್ಲಿ ಬಿದ್ದ ಈ ಬೀಜವು ಮುಂದೆ ಕೊಶ್ಚುಷ್ಕೊವಿನ ಬಾಳಿನಲ್ಲಿ ಹೆಮ್ಮರವಾಗಿ ಬೆಳೆಯಿತು.

1765ರಲ್ಲಿ ಪೋಲೆಂಡಿನ ರಾಜನು ವಾರ್ಸಾ ನಗರದಲ್ಲಿ ಸೈನಿಕ ಶಾಲೆಯೊಂದನ್ನು ಸ್ಥಾಪಿಸಿದನು. ಕೊಶ್ಚುಷ್ಕೊ ಅದರ ವಿದ್ಯಾರ್ಥಿಯಾದನು. ಅವನ ಪರಿಶ್ರಮವನ್ನು ಮೆಚ್ಚಿ, 1769ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಕಳುಹಿಸಲಾಯಿತು. ಪರದೇಶದವನಾದುದರಿಂದ ಫ್ರಾನ್ಸಿನ ಸೈನಿಕ ವಿದ್ಯಾಲಯಗಳಲ್ಲಿ ಅವನಿಗೆ ಪ್ರವೇಶ ದೊರೆಯಲಿಲ್ಲ. ಅವನು ಅದಕ್ಕಾಗಿ ಕುಗ್ಗಲಿಲ್ಲ. ಚಿತ್ರಕಲೆಯನ್ನು ಅಭ್ಯಾಸಮಾಡುತ್ತಲೇ ಉಪನ್ಯಾಸಗಳನ್ನು ಕೇಳಿದನು, ಗ್ರಂಥಗಳನ್ನು ಓದಿದನು, ಕೋಟೆ ಕಟ್ಟುವ ವಿದ್ಯೆಯನ್ನೂ ಸೇತುವೆ ನಿರ್ಮಿಸುವ ವಿದ್ಯೆಯನ್ನೂ ಕರಗತಮಾಡಿಕೊಂಡನು. ಚಿತ್ರಕಾರನ ಕಣ್ಣು, ಯಂತ್ರಶಿಲ್ಪಿಯ ಬುದ್ಧಿ ಎರಡೂ ಅವನಲ್ಲಿ ಒಂದುಗೂಡಿದವು. ನೆಲದ ಏರುತಗ್ಗುಗಳನ್ನು ಒಮ್ಮೆ ನೋಡಿದೊಡನೆ ಅದರ ಬಲಾಬಲಗಳನ್ನು ಗುರುತಿಸುವ ಶಕ್ತಿ ಅವನಿಗೆ ಹೀಗೆ ಬಂದಿತು.

ಅವನು ಪ್ಯಾರಿಸಿನಲ್ಲಿದ್ದಾಗಲೇ ಸ್ವದೇಶಕ್ಕೆ ದುರ್ದಿನಗಳು ಬಂದವು. 1772ರಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯ ಎಂಬ ಮೂರು ಪ್ರಬಲ ರಾಜ್ಯಗಳು ಪೋಲೆಂಡಿನ ವಿಶಾಲವಾದ ಭಾಗಗಳನ್ನು ಕಿತ್ತು ಹಂಚಿಕೊಂಡವು. 1774ರಲ್ಲಿ ಕೊಶ್ಚುಷ್ಕೊ ತಾಯ್ನಾಡಿಗೆ ಮರಳಿದಾಗ ಕುಗ್ಗಿಹೋಗಿದ್ದ ಸೇನೆಯಲ್ಲಿ ಅವನಿಗೆ ಸ್ಥಾನವಿರಲಿಲ್ಲ. ಅಣ್ಣನ ದುಂದುಗಾರಿಕೆಯಿಂದ ಮನೆಯ ಆಸ್ತಿಯೂ ಕರಗಿಹೋಗಿತ್ತು. ಕಲಿತ ವಿದ್ಯೆಯನ್ನು ಮುಡಿಪಾಗಿಡಲು ತನ್ನ ದೇಶದಲ್ಲಿ ಅವಕಾಶವಿಲ್ಲದೆ ಅವನು ಮತ್ತೆ ಹೊರನಾಡಿಗೆ ಹೊರಟನು. ಅಷ್ಟರಲ್ಲಿ ಅಟ್ಲಾಂಟಿಕ್ ಸಾಗರದಾಚೆ ಅಮೆರಿಕದ ಹದಿಮೂರು ವಸಾಹತುಗಳು ಇಂಗ್ಲೆಂಡಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಸುದ್ದಿ ಯೂರೋಪಿನಲ್ಲೆಲ್ಲ ಹಬ್ಬಿತ್ತು. ತನ್ನ ದೇಶದ ದಾಸ್ಯವನ್ನು ಕಂಡು ನೊಂದಿದ್ದ ಯುವಕನಿಗೆ ಆ ಹೋರಾಟವು ತನ್ನದೇ ಎನಿಸಿತು. 1776ರ ಬೇಸಿಗೆಯ ಕೊನೆಯಲ್ಲಿ ಅವನು ಅಮೆರಿಕವನ್ನು ಮುಟ್ಟಿದನು.

ಅಮೆರಿಕದ ಸೇನೆಯಲ್ಲಿ ಆಗ ಧೈರ್ಯಶಾಲಿಗಳಿಗೆ ಕೊರತೆಯಿರಲಿಲ್ಲ. ಕೋಟೆ ಕಟ್ಟಬಲ್ಲ ಶಿಲ್ಪಿಗಳಿಗೆ ಬಹಳ ಕೊರತೆಯಿತ್ತು. 1776ರ ಅಕ್ಟೋಬರ್ 18ರಂದು ಅಲ್ಲಿನ ಕಾಂಗ್ರೆಸ್ ಸಭೆಯು ಕೊಶ್ಚುಷ್ಕೊವನ್ನು ಸೇನೆಯ ಶಿಲ್ಪಿಗಳ ಕರ್ನಲ್ ಆಗಿ ನೇಮಿಸಿತು. ಫಿಲಡೆಲ್ಫಿಯ ನಗರವನ್ನು ಕಾಯುವುದಕ್ಕಾಗಿ ಡೆಲವೇರ್ ನದಿಯ ದಂಡೆಯ ಮೇಲೆ ಅವನು ಮೊದಲ ಕಾವಲುಗೋಡೆಗಳನ್ನು ರಚಿಸಿದನು.

ಮರುವರ್ಷ ಅವನನ್ನು ಉತ್ತರದ ಟೈಕಾಂಡೆರೋಗ ಕೋಟೆಗೆ ಕಳುಹಿಸಲಾಯಿತು. ಕೋಟೆಯ ಎದುರಿಗೆ ಕಡಿದಾದ ಬೆಟ್ಟವೊಂದಿತ್ತು. ಆ ಬೆಟ್ಟದ ಮೇಲೆ ಫಿರಂಗಿಗಳನ್ನು ಇಟ್ಟವನು ಕೋಟೆಯನ್ನು ಗೆಲ್ಲುವನೆಂಬುದನ್ನು ಕೊಶ್ಚುಷ್ಕೊ ಕಂಡುಕೊಂಡು, ಅದನ್ನು ಕೂಡಲೇ ಭದ್ರಪಡಿಸಬೇಕೆಂದು ಮೇಲಧಿಕಾರಿಗಳಿಗೆ ತಿಳಿಸಿದನು. ಅಂತಹ ಕಡಿದಾದ ಬೆಟ್ಟಕ್ಕೆ ಫಿರಂಗಿಗಳನ್ನು ಏರಿಸುವುದು ಯಾರಿಂದಲೂ ಆಗದೆಂದು ಭಾವಿಸಿ ಅವರು ಆ ಸಲಹೆಯನ್ನು ಕಡೆಗಣಿಸಿದರು. 1777ರ ಜುಲೈ ತಿಂಗಳಲ್ಲಿ ಸೇನಾಪತಿ ಬರ್ಗಾಯ್ನನ ನೇತೃತ್ವದಲ್ಲಿ ಬಂದ ಇಂಗ್ಲಿಷ್ ಸೇನೆ ಅದೇ ಬೆಟ್ಟದ ಮೇಲೆ ಫಿರಂಗಿಗಳನ್ನು ಎಳೆದು ನಿಲ್ಲಿಸಿತು. ಅಮೆರಿಕನ್ನರು ರಾತ್ರೋರಾತ್ರಿ ಕೋಟೆಯನ್ನು ಬಿಟ್ಟು ಹಿಮ್ಮೆಟ್ಟಬೇಕಾಯಿತು.

ತನ್ನ ಮಾತನ್ನು ಕೇಳಲಿಲ್ಲವೆಂದು ಕೊಶ್ಚುಷ್ಕೊ ಮುನಿದು ದೂರ ನಿಲ್ಲಲಿಲ್ಲ. ಹಿಮ್ಮೆಟ್ಟುತ್ತಿದ್ದ ಸೇನೆಯನ್ನು ಉಳಿಸುವ ಹೊಣೆಯು ಈಗ ಅವನ ಮೇಲೆ ಬಿದ್ದಿತು. ಅವನು ದಾರಿಗಳಿಗೆ ಅಡ್ಡಲಾಗಿ ಮರಗಳನ್ನು ಉರುಳಿಸಿದನು, ಸೇತುವೆಗಳನ್ನು ಕೆಡವಿದನು, ತೊರೆಗಳಿಗೆ ಒಡ್ಡುಕಟ್ಟಿ ನೀರನ್ನು ಹಾದಿಗೆ ಹರಿಸಿದನು. ಬೆನ್ನಟ್ಟಿದ ಶತ್ರುಸೇನೆ ಕಾಡಿನಲ್ಲಿ ಅಡಿಯಿಡಲೂ ಪರದಾಡಿತು. ಈ ನಡುವೆ ಅಮೆರಿಕನ್ನರಿಗೆ ಸೇನೆಯನ್ನು ಒಗ್ಗೂಡಿಸಲು ಬಿಡುವು ದೊರೆಯಿತು. ಮುಂದೆ ಸರಟೋಗದ ಬಳಿ ಯುದ್ಧಕ್ಕೆ ಯೋಗ್ಯವಾದ ದಿಬ್ಬಗಳನ್ನು ಆರಿಸಿ ಭದ್ರಪಡಿಸಿದವನೂ ಕೊಶ್ಚುಷ್ಕೊನೇ. ಒಂದು ಕಡೆ ನದಿ, ಇನ್ನೊಂದು ಕಡೆ ದಟ್ಟವಾದ ಕಾಡು, ನಡುವೆ ಅವನು ಕಟ್ಟಿದ ಒಡ್ಡು. ಅದನ್ನು ಭೇದಿಸಲಾರದೆ, 1777ರ ಅಕ್ಟೋಬರ್ 17ರಂದು ಬರ್ಗಾಯ್ನನು ತನ್ನ ಸೇನೆಯೊಡನೆ ಶರಣಾದನು. ಈ ಗೆಲುವಿನ ಸುದ್ದಿಯನ್ನು ಕೇಳಿದ ಮೇಲೆ ಫ್ರಾನ್ಸ್ ದೇಶವು ಬಹಿರಂಗವಾಗಿ ಅಮೆರಿಕದ ಪಕ್ಷವನ್ನು ವಹಿಸಿತು.

ಆದರೂ ಗಂಡಾಂತರವು ತಪ್ಪಿರಲಿಲ್ಲ. ನ್ಯೂಯಾರ್ಕ್ ನಗರವು ಇಂಗ್ಲಿಷರ ಕೈಯಲ್ಲಿಯೇ ಇತ್ತು. ಅಲ್ಲಿಂದ ಅವರ ಯುದ್ಧನೌಕೆಗಳು ಹಡ್ಸನ್ ನದಿಯಲ್ಲಿ ಮೇಲಕ್ಕೆ ಏರಿಬಂದರೆ ಹದಿಮೂರು ವಸಾಹತುಗಳು ಎರಡು ತುಂಡಾಗುತ್ತಿದ್ದವು. ಉತ್ತರದವರಿಂದ ದಕ್ಷಿಣದವರಿಗೆ ಸೈನಿಕರಾಗಲಿ ಆಹಾರವಾಗಲಿ ಹೋಗುವಂತಿರಲಿಲ್ಲ. ಆದುದರಿಂದ ಪ್ರಧಾನ ಸೇನಾಪತಿಯಾದ ಜಾರ್ಜ್ ವಾಷಿಂಗ್ಟನ್ನನು ಆ ನದಿಯ ರಕ್ಷಣೆಗೆ ಎಲ್ಲಕ್ಕಿಂತಲೂ ಹೆಚ್ಚಿನ ಮಹತ್ವವನ್ನು ಕೊಟ್ಟನು. ನದಿಯನ್ನು ಕಾಯಲು ವೆಸ್ಟ್ ಪಾಯಿಂಟಿಗಿಂತ ತಕ್ಕ ಸ್ಥಳ ಇನ್ನೊಂದಿರಲಿಲ್ಲ. ಅಲ್ಲಿ ನದಿಯು ಕಿರಿದಾಗಿತ್ತು, ತಿರುವು ಕಡಿದಾಗಿತ್ತು. ಗಾಳಿಯ ಬಲದಿಂದ ಓಡುವ ಹಾಯಿಹಡಗು ಆ ತಿರುವಿಗೆ ಬಂದೊಡನೆ ವೇಗವನ್ನು ಕಳೆದುಕೊಂಡು ದಂಡೆಯ ಫಿರಂಗಿಗಳಿಗೆ ಸುಲಭವಾದ ಗುರಿಯಾಗುತ್ತಿತ್ತು.

1778ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊಶ್ಚುಷ್ಕೊ ಅಲ್ಲಿಗೆ ಬಂದನು. ನೆಲದಲ್ಲಿ ಬಂಡೆಯಲ್ಲದೆ ಮಣ್ಣಿರಲಿಲ್ಲ. ಸೈನಿಕರಿಗೆ ಬಟ್ಟೆಬರೆ ಸಾಲದಾಗಿತ್ತು. ಕೆಲಸದ ಆಳುಗಳೂ ಸಾಧನಗಳೂ ಎಂದೂ ಬೇಕಾದಷ್ಟು ದೊರೆಯಲಿಲ್ಲ. ಇಷ್ಟರ ನಡುವೆಯೂ ಅವನು ಸುಮಾರು ಎರಡೂವರೆ ವರ್ಷಗಳ ಕಾಲ ಅಲ್ಲಿಯೇ ನೆಲೆಸಿ ಕೋಟೆಯನ್ನು ಕಟ್ಟಿಸಿದನು.

ಟೈಕಾಂಡೆರೋಗದಲ್ಲಿ ಕಲಿತ ಪಾಠವನ್ನು ಅವನು ಮರೆತಿರಲಿಲ್ಲ. ನದಿಯ ದಂಡೆಯಲ್ಲಿ ಒಂದೇ ದೊಡ್ಡ ಕೋಟೆಯನ್ನು ಕಟ್ಟಿದರೆ ಅದರ ಹಿಂದಿನ ಎತ್ತರವನ್ನು ಹಿಡಿದ ಶತ್ರುವು ಅದನ್ನು ಸುಲಭವಾಗಿ ಗೆಲ್ಲಬಹುದಿತ್ತು. ಆದುದರಿಂದ ಅವನು ಒಂದು ಕೋಟೆಯನ್ನಲ್ಲ, ಒಂದನ್ನೊಂದು ಕಾಯುವ ಕೋಟೆಗಳ ಸಾಲನ್ನೇ ಯೋಜಿಸಿದನು. ನೀರಿನ ಅಂಚಿನಲ್ಲಿ ಫಿರಂಗಿಗಳ ಕಟ್ಟೆಗಳು; ಅವುಗಳನ್ನು ಕಾಯಲು ಮೇಲಿನ ಸಮತಟ್ಟಿನಲ್ಲಿ ದೊಡ್ಡ ಕೋಟೆ; ಅದನ್ನು ಕಾಯಲು ಹಿಂದಿನ ಬೆಟ್ಟದ ಮೇಲೆ ಪುಟ್ನಮ್ ಕೋಟೆ; ಪುಟ್ನಮ್ ಕೋಟೆಯನ್ನು ಕಾಯಲು ಇನ್ನೂ ಎತ್ತರದ ಬೆಟ್ಟದಲ್ಲಿ ಕಾವಲುಗೋಡೆ. ಶತ್ರುವು ಒಂದನ್ನು ಹಿಡಿದರೂ ಉಳಿದವು ಅವನ ಮೇಲೆ ಗುಂಡಿನ ಮಳೆಗರೆಯುವಂತಿದ್ದವು. ಆ ಕಾಲದ ಯೂರೋಪಿನಲ್ಲಿಯೂ ಇಂತಹ ರಚನೆ ಅಪರೂಪವಾಗಿತ್ತು.

ನದಿಗೂ ಒಂದು ಬೀಗವನ್ನು ಹಾಕಲಾಯಿತು. ಇತರ ಕುಶಲಿಗಳ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಕಬ್ಬಿಣದ ಭಾರಿ ಸರಪಳಿಯೊಂದನ್ನು 1778ರ ಏಪ್ರಿಲ್ 30ರಂದು ಈ ದಂಡೆಯಿಂದ ಎದುರಿನ ದ್ವೀಪದವರೆಗೆ ಎಳೆದು ಕಟ್ಟಲಾಯಿತು. ಅದರ ಉದ್ದ ಸುಮಾರು 500 ಗಜ. ಒಂದೊಂದು ಕೊಂಡಿಯೂ ಸುಮಾರು ಎರಡು ಅಡಿ ಉದ್ದವಿದ್ದು, 100 ಪೌಂಡಿಗೂ ಹೆಚ್ಚು ತೂಗುತ್ತಿತ್ತು. ನೀರಿನಲ್ಲಿ ಮುಳುಗದಂತೆ ಅದನ್ನು ಮರದ ದಿಮ್ಮಿಗಳ ತೆಪ್ಪಗಳ ಮೇಲೆ ತೇಲಿಬಿಟ್ಟಿದ್ದರು. ನದಿಯು ಹೆಪ್ಪುಗಟ್ಟುವ ಚಳಿಗಾಲದಲ್ಲಿ ಅದನ್ನು ದಂಡೆಗೆ ಎಳೆದು, ವಸಂತದಲ್ಲಿ ಮತ್ತೆ ಕಟ್ಟುತ್ತಿದ್ದರು. ಸರಪಳಿಯು ಹಡಗನ್ನು ತಡೆಯಬೇಕು. ತಡೆದ ಹಡಗನ್ನು ಕೊಶ್ಚುಷ್ಕೊವಿನ ಫಿರಂಗಿಗಳು ಒಡೆಯಬೇಕು. ಆ ಸರಪಳಿಯ ಕೆಲವು ಕೊಂಡಿಗಳನ್ನು ವೆಸ್ಟ್ ಪಾಯಿಂಟಿನಲ್ಲಿ ಇಂದಿಗೂ ಜೋಪಾನವಾಗಿ ಇರಿಸಿದ್ದಾರೆ.

ದುಡಿಮೆಯ ನಡುವೆ ದೊರೆತ ಬಿಡುವಿನಲ್ಲಿ ಕೊಶ್ಚುಷ್ಕೊ ಬೇರೊಂದು ಕೆಲಸವನ್ನು ಮಾಡಿದನು. ನದಿಯ ಕಡೆಗೆ ಇಳಿದ ಬಂಡೆಯ ಅಂಚೊಂದರಲ್ಲಿ ಮಣ್ಣನ್ನು ಹೊತ್ತು ತಂದು ತುಂಬಿ, ಅವನು ಒಂದು ಪುಟ್ಟ ಹೂದೋಟವನ್ನು ಬೆಳೆಸಿದನು. ಯುದ್ಧಕ್ಕಾಗಿ ಬಂಡೆಗಳನ್ನು ಸಿಡಿಸುತ್ತಿದ್ದ ಕೈಗಳೇ ಅಲ್ಲಿ ಗಿಡಗಳಿಗೆ ನೀರೆರೆದವು. ಆ ತೋಟವೂ ಅವನ ಹೆಸರಿನಲ್ಲಿಯೇ ಉಳಿದು ಬಂದಿದೆ.

ವೆಸ್ಟ್ ಪಾಯಿಂಟಿನಲ್ಲಿಯೇ ಅಗ್ರಿಪ್ಪ ಹಲ್ ಎಂಬ ಕರಿಯ ಸೈನಿಕನು ಅವನ ಸೇವೆಗೆ ಬಂದು, ಯುದ್ಧವು ಮುಗಿಯುವವರೆಗೂ ಜೊತೆಯಲ್ಲಿದ್ದನು. ಒಮ್ಮೆ ಕೊಶ್ಚುಷ್ಕೊ ಊರಿನಲ್ಲಿಲ್ಲದಾಗ ಅಗ್ರಿಪ್ಪನು ಒಡೆಯನ ಸಮವಸ್ತ್ರವನ್ನು ಧರಿಸಿ ಗೆಳೆಯರಿಗೆ ಔತಣವನ್ನು ನೀಡಿದನಂತೆ. ಅಷ್ಟರಲ್ಲಿ ಅನಿರೀಕ್ಷಿತವಾಗಿ ಒಡೆಯನೇ ಬಾಗಿಲಲ್ಲಿ ಕಾಣಿಸಿಕೊಂಡನು. ಭಯದಿಂದ ಕಾಲಿಗೆರಗಿದ ಅವನನ್ನು ಕೊಶ್ಚುಷ್ಕೊ ಕೈಹಿಡಿದು ಎಬ್ಬಿಸಿ, ಆಫ್ರಿಕದ ರಾಜಕುಮಾರನೆಂದು ಎಲ್ಲರಿಗೂ ಪರಿಚಯಿಸಿ ನಗೆಯಲ್ಲಿ ಮುಗಿಸಿದನೆಂದು ಕಥೆಯುಂಟು. ಚರ್ಮದ ಬಣ್ಣದಿಂದ ಮನುಷ್ಯನನ್ನು ಅಳೆಯುತ್ತಿದ್ದ ಕಾಲದಲ್ಲಿ ಅವನು ಹೀಗೆ ನಡೆದುಕೊಂಡುದು ಸಣ್ಣ ಸಂಗತಿಯಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಆ ನಾಡಿನಲ್ಲಿಯೇ ಲಕ್ಷಾಂತರ ಕರಿಯ ಜನರು ಗುಲಾಮರಾಗಿದ್ದುದು ಅವನ ಮನಸ್ಸನ್ನು ಚುಚ್ಚುತ್ತಿತ್ತು.

1780ರಲ್ಲಿ ಕೊಶ್ಚುಷ್ಕೊ ತಾನಾಗಿ ಬೇಡಿಕೊಂಡು ದಕ್ಷಿಣದ ರಣರಂಗಕ್ಕೆ ತೆರಳಿದನು. ಅದೇ ವರ್ಷದ ಆಗಸ್ಟಿನಲ್ಲಿ ವೆಸ್ಟ್ ಪಾಯಿಂಟಿನ ಅಧಿಪತ್ಯವು ಬೆನೆಡಿಕ್ಟ್ ಆರ್ನಲ್ಡ್ ಎಂಬ ಸೇನಾನಿಯ ಕೈಗೆ ಬಂದಿತು. ಆರ್ನಲ್ಡನು ಸರಟೋಗದಲ್ಲಿ ಪರಾಕ್ರಮದಿಂದ ಕಾದಿ ಗಾಯಗೊಂಡ ವೀರ. ಅವನ ಗೌರವಾರ್ಥವಾಗಿ ಅಲ್ಲಿನ ದೊಡ್ಡ ಕೋಟೆಗೆ ಅವನ ಹೆಸರನ್ನೇ ಇಡಲಾಗಿತ್ತು. ಆದರೆ ತನಗೆ ತಕ್ಕ ಮನ್ನಣೆ ದೊರೆಯಲಿಲ್ಲವೆಂಬ ಅಸಮಾಧಾನವೂ ಸಾಲದ ಹೊರೆಯೂ ಹಣದ ಆಸೆಯೂ ಅವನನ್ನು ದಾರಿ ತಪ್ಪಿಸಿದ್ದವು. 20,000 ಪೌಂಡುಗಳಿಗೆ ವೆಸ್ಟ್ ಪಾಯಿಂಟನ್ನು ಇಂಗ್ಲಿಷರಿಗೆ ಒಪ್ಪಿಸಲು ಅವನು ಗುಟ್ಟಾಗಿ ಒಪ್ಪಂದ ಮಾಡಿಕೊಂಡನು. ಸೆಪ್ಟೆಂಬರ್ 23ರಂದು ಮೇಜರ್ ಆಂಡ್ರೆ ಎಂಬ ಇಂಗ್ಲಿಷ್ ಅಧಿಕಾರಿಯು ಮಾರುವೇಷದಲ್ಲಿ ಹಿಂದಿರುಗುತ್ತಿದ್ದಾಗ ಮೂವರು ಸಾಮಾನ್ಯ ನಾಡರಕ್ಷಕರು ಅವನನ್ನು ತಡೆದರು. ಕೋಟೆಯ ವಿವರಗಳುಳ್ಳ ಕಾಗದಗಳು ಅವನ ಪಾದರಕ್ಷೆಯೊಳಗೆ ಸಿಕ್ಕಿದವು. ಆಂಡ್ರೆಯನ್ನು ಗಲ್ಲಿಗೇರಿಸಲಾಯಿತು. ಆರ್ನಲ್ಡನು ಇಂಗ್ಲಿಷರ ಹಡಗನ್ನೇರಿ ತಪ್ಪಿಸಿಕೊಂಡನು. ಕೋಟೆಯ ಮೇಲಿನ ಅವನ ಹೆಸರನ್ನು ಅಳಿಸಿಹಾಕಿ ಕ್ಲಿಂಟನ್ ಕೋಟೆಯೆಂದು ಕರೆದರು. ವಿದೇಶದಿಂದ ಬಂದವನು ಪ್ರತಿಫಲವನ್ನು ಬಯಸದೆ ಕಟ್ಟಿದ ಕೋಟೆಯನ್ನು ಸ್ವದೇಶದವನೇ ಹಣಕ್ಕೆ ಮಾರಲು ಹೊರಟಿದ್ದನು. ಕೋಟೆಯ ಬಲವು ಗೋಡೆಯ ದಪ್ಪದಲ್ಲಿ ಮಾತ್ರವಿಲ್ಲ, ಕಾಯುವವರ ನಿಷ್ಠೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಯುದ್ಧವು ಮುಗಿಯುವವರೆಗೂ ಇಂಗ್ಲಿಷರು ಆ ಕೋಟೆಯ ಮೇಲೆ ನೇರವಾಗಿ ದಾಳಿಮಾಡುವ ಸಾಹಸಕ್ಕೆ ಕೈಹಾಕಲಿಲ್ಲ.

ದಕ್ಷಿಣದಲ್ಲಿ ಸೇನಾಪತಿ ಗ್ರೀನನ ಕೈಕೆಳಗೆ ಕೊಶ್ಚುಷ್ಕೊ ನದಿಗಳನ್ನು ಶೋಧಿಸಿದನು; ಸೇನೆ ದಾಟಲು ದೋಣಿಗಳನ್ನು ಒದಗಿಸಿದನು; ಮುತ್ತಿಗೆಯೊಂದರಲ್ಲಿ ಗಾಯಗೊಂಡನು. 1783ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಅವನಿಗೆ ಬ್ರಿಗೇಡಿಯರ್ ಜನರಲ್ ಪದವಿಯನ್ನಿತ್ತು ಗೌರವಿಸಿತು. ಆದರೆ ಏಳು ವರ್ಷಗಳ ಸಂಬಳವು ಅವನಿಗೆ ಸಲ್ಲಬೇಕಾಗಿಯೇ ಉಳಿದಿತ್ತು. ಹಣವಿಲ್ಲದ ಹೊಸ ಸರಕಾರದಿಂದ ಸಾಲಪತ್ರವನ್ನು ಮಾತ್ರ ಪಡೆದು, 1784ರಲ್ಲಿ ಅವನು ತಾಯ್ನಾಡಿಗೆ ಮರಳಿದನು.

ಪೋಲೆಂಡಿನ ರೈತರು ಆಗ ಒಡೆಯರ ಜಮೀನಿನಲ್ಲಿ ಬಿಟ್ಟಿ ದುಡಿಯುವ ಜೀತದಾಳುಗಳಾಗಿದ್ದರು. ಕೊಶ್ಚುಷ್ಕೊ ತನ್ನ ಚಿಕ್ಕ ಜಮೀನಿನ ಗಂಡಸರ ಬಿಟ್ಟಿ ದುಡಿಮೆಯನ್ನು ವಾರಕ್ಕೆ ಎರಡು ದಿನಗಳಿಗೆ ಇಳಿಸಿ, ಹೆಂಗಸರಿಗೆ ಅದನ್ನು ಪೂರ್ತಿಯಾಗಿ ಬಿಟ್ಟುಕೊಟ್ಟನು. ಇದರಿಂದ ಅವನ ವರಮಾನ ಕುಗ್ಗಿತು; ಅವನು ಅದನ್ನು ಲೆಕ್ಕಿಸಲಿಲ್ಲ. 1789ರಲ್ಲಿ ಅವನಿಗೆ ಸ್ವದೇಶದ ಸೇನೆಯಲ್ಲಿ ಮೇಜರ್ ಜನರಲ್ ಪದವಿ ದೊರೆಯಿತು. 1791ರ ಮೇ 3ರಂದು ಪೋಲೆಂಡ್ ಉದಾರವಾದ ಹೊಸ ಸಂವಿಧಾನವನ್ನು ಅಂಗೀಕರಿಸಿತು. ಇದನ್ನು ಸಹಿಸದ ರಷ್ಯ 1792ರಲ್ಲಿ ದಂಡೆತ್ತಿ ಬಂದಿತು. ದುಬಿಯೆಂಕದ ಬಳಿ ಕೊಶ್ಚುಷ್ಕೊ ತನಗಿಂತ ಹಲವು ಮಡಿ ದೊಡ್ಡ ಸೇನೆಯನ್ನು ತಡೆದು ನಿಲ್ಲಿಸಿದನು. ಆದರೆ ರಾಜನೇ ಶತ್ರುವಿಗೆ ಮಣಿದನು. ಕೊಶ್ಚುಷ್ಕೊ ತನ್ನ ಪದವಿಯನ್ನು ತ್ಯಜಿಸಿ ದೇಶವನ್ನು ಬಿಟ್ಟನು. 1793ರಲ್ಲಿ ಪೋಲೆಂಡ್ ಎರಡನೆಯ ಬಾರಿಗೆ ಹೋಳಾಯಿತು.

ಜನರು ಈ ಅವಮಾನವನ್ನು ನುಂಗಿಕೊಂಡು ಕೂರಲಿಲ್ಲ. ಅವರ ಕರೆಗೆ ಓಗೊಟ್ಟು ಕೊಶ್ಚುಷ್ಕೊ ಮರಳಿ ಬಂದನು. 1794ರ ಮಾರ್ಚ್ 24ರಂದು ಕ್ರಾಕೋವ್ ನಗರದ ಸಂತೆಯ ಚೌಕದಲ್ಲಿ ನೆರೆದ ಜನಸ್ತೋಮದ ಮುಂದೆ, ತನಗೆ ಕೊಟ್ಟ ಅಧಿಕಾರವನ್ನು ಯಾರನ್ನೂ ಪೀಡಿಸಲು ಬಳಸದೆ ದೇಶದ ಬಿಡುಗಡೆಗಾಗಿಯೇ ಬಳಸುವೆನೆಂದು ಪ್ರಮಾಣಮಾಡಿದನು. ಅವನ ಬಳಿ ಬಂದೂಕುಗಳು ಕಡಮೆಯಿದ್ದವು. ಆದುದರಿಂದ ರೈತರು ಹುಲ್ಲು ಕೊಯ್ಯುವ ಉದ್ದ ಕುಡುಗೋಲುಗಳ ಅಲಗನ್ನು ನೇರವಾಗಿ ಕಟ್ಟಿ ಆಯುಧವಾಗಿ ಮಾಡಿಕೊಂಡರು. ಏಪ್ರಿಲ್ 4ರಂದು ರಾತ್ಸ್ವಾವಿತ್ಸೆಯಲ್ಲಿ ನಡೆದ ಕದನದಲ್ಲಿ ಕುಡುಗೋಲಿನ ರೈತರು ರಷ್ಯದ ಫಿರಂಗಿಗಳ ಮೇಲೆ ನುಗ್ಗಿದರು. ಬಾರ್ತೋಷ್ ಎಂಬ ರೈತನು ಉರಿಯುತ್ತಿದ್ದ ಬತ್ತಿಯನ್ನು ತನ್ನ ಟೊಪ್ಪಿಗೆಯಿಂದಲೇ ಆರಿಸಿ ಫಿರಂಗಿಯನ್ನು ವಶಪಡಿಸಿಕೊಂಡನೆಂದು ಪೋಲಿಷ್ ಜನರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಗೆಲುವಿನ ಬಳಿಕ ಕೊಶ್ಚುಷ್ಕೊ ರೈತರ ಗೌರವಾರ್ಥವಾಗಿ ಅವರಂತೆಯೇ ಒರಟು ಅಂಗಿಯನ್ನು ತೊಟ್ಟನು. ಮೇ 7ರಂದು ಅವನು ಹೊರಡಿಸಿದ ಘೋಷಣೆಯು ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಾನೂನಿನ ರಕ್ಷಣೆಯನ್ನೂ ನೀಡಿ, ಅವರ ಬಿಟ್ಟಿ ದುಡಿಮೆಯನ್ನು ಕಡಮೆಮಾಡಿತು. ಸ್ವತಂತ್ರನಾದ ಮನುಷ್ಯನೇ ದೇಶವನ್ನು ಮನಸಾರೆ ಕಾಯಬಲ್ಲನೆಂಬ ಸತ್ಯವನ್ನು ಅವನು ಕಂಡುಕೊಂಡಿದ್ದನು.

ಆದರೆ ಒಂದೇ ಕಾಲದಲ್ಲಿ ರಷ್ಯ ಮತ್ತು ಪ್ರಷ್ಯಗಳನ್ನು ಎದುರಿಸುವ ಬಲ ಆ ಬಡ ದೇಶಕ್ಕೆ ಇರಲಿಲ್ಲ. ವಾರ್ಸಾ ನಗರದ ಮುತ್ತಿಗೆಯನ್ನು ಕೊಶ್ಚುಷ್ಕೊ ತನ್ನ ಕೋಟೆಯ ವಿದ್ಯೆಯಿಂದ ವಿಫಲಗೊಳಿಸಿದನು. ಅಕ್ಟೋಬರ್ 10ರಂದು ಮಾಚ್ಯೆಯೊವಿತ್ಸೆಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡು ಸೆರೆಸಿಕ್ಕಿದನು. 1795ರಲ್ಲಿ ಮೂರು ರಾಜ್ಯಗಳೂ ಉಳಿದ ಪೋಲೆಂಡನ್ನು ಹಂಚಿಕೊಂಡವು. ಭೂಪಟದಿಂದಲೇ ಆ ದೇಶವು ಅಳಿಸಿಹೋಯಿತು. ಎರಡು ವರ್ಷ ಪೀಟರ್ಸ್‌ಬರ್ಗಿನ ಸೆರೆಯಲ್ಲಿದ್ದ ಕೊಶ್ಚುಷ್ಕೊವನ್ನು, 1796ರಲ್ಲಿ ರಾಣಿ ಕ್ಯಾಥರೀನಳು ತೀರಿಕೊಂಡ ಮೇಲೆ ಅವಳ ಮಗನು ಬಿಡುಗಡೆ ಮಾಡಿದನು. ತನ್ನೊಡನೆ ಸೆರೆಯಲ್ಲಿದ್ದ ದೇಶಬಾಂಧವರ ಬಿಡುಗಡೆಗಾಗಿ ಅವನು ರಷ್ಯದ ಚಕ್ರವರ್ತಿಗೆ ನಿಷ್ಠೆಯ ಪ್ರಮಾಣವನ್ನು ನೋವಿನಿಂದಲೇ ಸಲ್ಲಿಸಬೇಕಾಯಿತು.

1797ರ ಆಗಸ್ಟಿನಲ್ಲಿ ಅವನು ಮತ್ತೆ ಅಮೆರಿಕಕ್ಕೆ ಬಂದಾಗ ಗಾಯಗಳಿಂದ ನಡೆಯಲಾರದವನಾಗಿದ್ದನು. ಫಿಲಡೆಲ್ಫಿಯದ ಜನರು ಅವನ ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಗಾಡಿಯನ್ನು ಎಳೆದೊಯ್ದರು. ಅಲ್ಲಿನ ಸಣ್ಣ ಮನೆಯೊಂದರ ಕೋಣೆಯಲ್ಲಿ ಅವನು ಚಳಿಗಾಲವನ್ನು ಕಳೆದನು. ಆ ದೇಶದ ಉಪಾಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಅವನ ಆಪ್ತಮಿತ್ರನಾದನು. ಇಷ್ಟರಲ್ಲಿ ಬಾಕಿಯಿದ್ದ ಸಂಬಳವು ಬಡ್ಡಿಯೊಡನೆ ಕೈಸೇರಿತು. ಅದು 15,000 ಡಾಲರುಗಳಿಗೂ ಹೆಚ್ಚಾಗಿತ್ತು. ಅದರೊಡನೆ ಜಮೀನೂ ದೊರೆಯಿತು. ಏಳು ವರ್ಷಗಳ ಬೆವರಿನ ಆ ಹಣವನ್ನು ಕೊಶ್ಚುಷ್ಕೊ ತನಗಾಗಿ ಇಟ್ಟುಕೊಳ್ಳಲಿಲ್ಲ. 1798ರ ಮೇ ತಿಂಗಳಲ್ಲಿ ಅವನು ಮರಣಶಾಸನವೊಂದನ್ನು ಬರೆದನು. ಅಮೆರಿಕದಲ್ಲಿರುವ ತನ್ನ ಸಂಪತ್ತಿನಿಂದ ಕರಿಯ ಗುಲಾಮರನ್ನು ಕೊಂಡು ಬಿಡುಗಡೆಮಾಡಬೇಕು. ಅವರಿಗೆ ವಿದ್ಯೆಯನ್ನೂ ವೃತ್ತಿಯನ್ನೂ ಕಲಿಸಿ ಸ್ವತಂತ್ರ ಪ್ರಜೆಗಳಾಗಿ ಬಾಳುವಂತೆ ಮಾಡಬೇಕು. ಜೆಫರ್ಸನ್ನನ ಗುಲಾಮರೂ ಅದರಲ್ಲಿ ಸೇರಬಹುದು ಎಂಬುದು ಅದರ ಸಾರ. ಅದನ್ನು ನೆರವೇರಿಸುವ ಹೊಣೆಯನ್ನು ಅವನು ಜೆಫರ್ಸನ್ನನಿಗೇ ವಹಿಸಿದನು. ಎಲ್ಲ ಮನುಷ್ಯರೂ ಸಮಾನರೆಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಸಾರಿದ್ದ ಜೆಫರ್ಸನ್ನನು ಆಗ ನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನು.

ಅದೇ ವರ್ಷ ಕೊಶ್ಚುಷ್ಕೊ ಪೋಲೆಂಡಿನ ಬಿಡುಗಡೆಗೆ ದಾರಿಯನ್ನು ಹುಡುಕುತ್ತ ಫ್ರಾನ್ಸಿಗೆ ಹೋದನು. ನೆಪೋಲಿಯನ್ ಅವನ ಹೆಸರನ್ನು ಬಳಸಿಕೊಳ್ಳಲು ಬಯಸಿದನು. ಪೋಲೆಂಡಿನ ಸ್ವಾತಂತ್ರ್ಯಕ್ಕೆ ಖಚಿತವಾದ ಭರವಸೆಯಿಲ್ಲದೆ ತನ್ನ ಹೆಸರನ್ನು ಯಾರಿಗೂ ಕೊಡಲು ಅವನು ಒಪ್ಪಲಿಲ್ಲ. ರಷ್ಯದ ಚಕ್ರವರ್ತಿಯ ಆಶ್ವಾಸನೆಗಳಿಗೂ ಮಾರುಹೋಗಲಿಲ್ಲ. ಕೊನೆಯ ದಿನಗಳನ್ನು ಸ್ವಿಟ್ಜರ್ಲೆಂಡಿನ ಸೊಲೊಥುರ್ನ್ ಎಂಬ ಊರಿನಲ್ಲಿ, ಬಡವರಿಗೆ ನೆರವಾಗುತ್ತ ಕಳೆದನು. 1817ರ ಏಪ್ರಿಲಿನಲ್ಲಿ ತನ್ನ ಊರಿನ ಜೀತದಾಳುಗಳೆಲ್ಲರೂ ಸ್ವತಂತ್ರರೆಂದು ಪತ್ರವನ್ನು ಬರೆದನು. ಅದೇ ವರ್ಷದ ಅಕ್ಟೋಬರ್ 15ರಂದು, ತನ್ನ 71ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದನು. ಅವನ ದೇಹವನ್ನು ಕ್ರಾಕೋವಿಗೆ ಒಯ್ದು, ಪೋಲೆಂಡಿನ ಅರಸರ ಸಮಾಧಿಗಳ ನಡುವೆ ಇರಿಸಿದರು. ಜನರು 1820ರಿಂದ ಮೂರು ವರ್ಷಗಳ ಕಾಲ ಮಣ್ಣನ್ನು ಹೊತ್ತು ಹಾಕಿ ಅವನ ನೆನಪಿಗಾಗಿ ಒಂದು ಗುಡ್ಡವನ್ನೇ ನಿರ್ಮಿಸಿದರು. ಅವನ ಯುದ್ಧರಂಗಗಳಿಂದ ತಂದ ಮಣ್ಣೂ ಅದರಲ್ಲಿ ಬೆರೆತಿದೆ.

ಅವನ ಮರಣಶಾಸನದ ಗತಿ ಮಾತ್ರ ಶೋಚನೀಯವಾಯಿತು. ಮುಪ್ಪಿನ ಕಾರಣವನ್ನು ಹೇಳಿ ಜೆಫರ್ಸನ್ನನು ಆ ಹೊಣೆಯಿಂದ ಹಿಂದೆ ಸರಿದನು. ಕೊಶ್ಚುಷ್ಕೊ ಯೂರೋಪಿನಲ್ಲಿ ಬರೆದಿದ್ದ ಬೇರೆ ಮರಣಶಾಸನಗಳನ್ನು ಮುಂದೊಡ್ಡಿ ವ್ಯಾಜ್ಯಗಳು ಹುಟ್ಟಿದವು. 1852ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ಹಣವನ್ನು ಅವನ ಬಂಧುಗಳ ಪಾಲಿಗೆ ಬಿಟ್ಟುಕೊಟ್ಟಿತು. ಆ ಹಣದಿಂದ ಒಬ್ಬ ಗುಲಾಮನೂ ಬಿಡುಗಡೆ ಹೊಂದಲಿಲ್ಲ. ಪೋಲೆಂಡಿನ ಜೀತದಾಳುಗಳಿಗಾಗಿ ಅವನು ಬರೆದ ಪತ್ರವನ್ನೂ ರಷ್ಯದ ಅಧಿಕಾರವು ಮನ್ನಿಸಲಿಲ್ಲ. ಅವನು ಕಲ್ಲಿನಿಂದ ಕಟ್ಟಿದ ಕೋಟೆಯು ಉಳಿಯಿತು. ಮನುಷ್ಯರ ಮನಸ್ಸಿನಲ್ಲಿ ಕಟ್ಟಬಯಸಿದ ಕೋಟೆಯು ಅವನ ಕಾಲದಲ್ಲಿ ಮೇಲೇಳಲಿಲ್ಲ. ಅಮೆರಿಕದಲ್ಲಿ ಗುಲಾಮಗಿರಿಯು 1865ರಲ್ಲಿ ಕೊನೆಗೊಂಡಿತು. ಪೋಲೆಂಡ್ 1918ರಲ್ಲಿ ಮರಳಿ ಸ್ವತಂತ್ರವಾಯಿತು.

ವೆಸ್ಟ್ ಪಾಯಿಂಟಿನ ನೆಲೆಯು ಮಾತ್ರ ತನ್ನ ಶಿಲ್ಪಿಯನ್ನು ಮರೆಯಲಿಲ್ಲ. ಜೆಫರ್ಸನ್ನನು ಅಧ್ಯಕ್ಷನಾಗಿದ್ದಾಗ, 1802ರ ಮಾರ್ಚ್ 16ರಂದು ಅಲ್ಲಿ ಸೈನಿಕ ವಿದ್ಯಾಲಯದ ಸ್ಥಾಪನೆಯಾಯಿತು. 1828ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಕೈಯ ಹಣವನ್ನು ಕೂಡಿಸಿ, ಕ್ಲಿಂಟನ್ ಕೋಟೆಯಲ್ಲಿ ಅವನ ಸ್ಮಾರಕವಾಗಿ ಕಲ್ಲುಕಂಬವನ್ನು ನಿಲ್ಲಿಸಿದರು. 1913ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಪೋಲಿಷ್ ಜನರು ಅದರ ಮೇಲೆ ಅವನ ಪ್ರತಿಮೆಯನ್ನು ಸ್ಥಾಪಿಸಿದರು. ಒಂದು ಕಾಲದಲ್ಲಿ ದ್ರೋಹಿಯೊಬ್ಬನ ಹೆಸರನ್ನು ಹೊತ್ತಿದ್ದ ಕೋಟೆಯಲ್ಲಿಯೇ ನಿಷ್ಠಾವಂತನ ಪ್ರತಿಮೆ ನಿಂತಿದೆ. ಅಲ್ಲಿ ವಿದ್ಯೆ ಕಲಿಯುವ ಯುವಕ ಯುವತಿಯರು ದಿನವೂ ಅದನ್ನು ಕಾಣುತ್ತಾರೆ. ಕೆಳಗೆ ಹಡ್ಸನ್ ನದಿಯು ಅದೇ ತಿರುವಿನಲ್ಲಿ ಮೊದಲಿನಂತೆಯೇ ಹರಿಯುತ್ತಿದೆ. ಅದಕ್ಕೆ ಈಗ ಸರಪಳಿಯಿಲ್ಲ.